ಹುಡುಕುವುದು ಒಮ್ಮೆ, ಕರೆಯುವುದು ಲಕ್ಷ ಸಲ: ರಿಫ್ಲೆಕ್ಷನ್‌ನಿಂದ ಡೆಲಿಗೇಟ್ ಕಟ್ಟುವ ಬಗೆ

ಪ್ರಶ್ನೆ: ಸರ್, ನಮಸ್ಕಾರ. ನಾನು ಗಂಗಾವತಿಯವನು. ಇಲ್ಲಿನ ಅಕ್ಕಿ ಗಿರಣಿಗಳಿಗೆ, ದಲಾಲಿ ಅಂಗಡಿಗಳಿಗೆ ಸಿ ಶಾರ್ಪ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಹಮಾಲಿ, ತೇವಾಂಶ, ಖಾಲಿ ಚೀಲದ ತೂಕ ಎಂದು ಒಂದೊಂದು ಅಂಗಡಿಯ ಕಡಿತದ ಲೆಕ್ಕ ಒಂದೊಂದು ಥರ. ಅದಕ್ಕೆ ಪ್ರತಿ ಅಂಗಡಿಯ ನಿಯಮಗಳನ್ನು ಕಂಪೈಲ್ ಆದ ಬೇರೆ ಬೇರೆ ಕೋಡ್ ಫೈಲಿನಲ್ಲಿ, ಅಂದರೆ ಡಿಎಲ್ಎಲ್‌ನಲ್ಲಿ ಇಟ್ಟಿದ್ದೇನೆ. ‘ಕಡಿತ’ ಎಂಬ ಆಟ್ರಿಬ್ಯೂಟ್ (ಗುರುತಿನ ಚೀಟಿ) ಹಚ್ಚಿದ ಮೆಥಡ್‌ಗಳನ್ನು ರಿಫ್ಲೆಕ್ಷನ್‌ನಿಂದ (ಓಡುವಾಗಲೇ ಕೋಡಿನ ಒಳಗನ್ನು ನೋಡುವ ಸೌಲಭ್ಯ) ಹುಡುಕಿ ಇನ್‌ವೋಕ್ ಮಾಡುತ್ತೇನೆ. ಸುಗ್ಗಿ ಮುಗಿದ ಮೇಲೆ ಎರಡು ಲಕ್ಷ ಆವಕದ ಸಾಲುಗಳನ್ನು ಮರುಲೆಕ್ಕ ಹಾಕಬೇಕಾದರೆ ಬಹಳ ಹೊತ್ತಾಗುತ್ತದೆ. ‘ಯಾಕ್ರೀ, ಚಾ ಕುಡದು ಬಂದ್ರೂ ಇನ್ನೂ ತಿರಗಾಕತ್ತೇತಲ್ಲ’ ಅಂತಾರೆ ಅಂಗಡಿಯ ಗುಮಾಸ್ತರು. ಡೆಲಿಗೇಟ್ (ಮೆಥಡ್ ಒಂದನ್ನು ನೇರ ಕರೆಯಲು ಹಿಡಿದಿಟ್ಟ ಕೊಂಡಿ) ಮಾಡಿಕೊಂಡರೆ ವೇಗ ಬರುತ್ತದೆ ಎಂದು ಓದಿ, ಯಾವ ಮೆಥಡ್ ಬಂದರೂ ಹೊಂದಲಿ ಎಂದು, ‘ಆಬ್ಜೆಕ್ಟ್ ತಗೊಂಡು ಆಬ್ಜೆಕ್ಟ್ ಕೊಡುವುದು’ ಎಂಬ ಅರ್ಥದ ಫಂಕ್<ಆಬ್ಜೆಕ್ಟ್, ಆಬ್ಜೆಕ್ಟ್> ಕೊಟ್ಟು ಕ್ರಿಯೇಟ್‌ಡೆಲಿಗೇಟ್ ಕರೆದೆ. ಆರ್ಗ್ಯುಮೆಂಟ್ ಎಕ್ಸೆಪ್ಷನ್ ಬಂತು. ಎಲ್ಲಿ ತಪ್ಪಿದೆ? ಕೆಲವು ನಿಯಮ ಡೆಸಿಮಲ್ ಕೊಡುತ್ತವೆ, ಕೆಲವು ಇಂಟ್ ಕೊಡುತ್ತವೆ. ಸಿಗ್ನೇಚರ್ (ಮೆಥಡ್ ಏನು ತಗೊಂಡು ಏನು ಕೊಡುತ್ತದೆ ಎಂಬುದು) ಮೊದಲೇ ಗೊತ್ತಿಲ್ಲದಿದ್ದರೆ ಡೆಲಿಗೇಟ್ ಕಟ್ಟಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಅದಕ್ಕೆ ಮೊದಲು, ನೀವು ಕಳಿಸಿದ ಲೂಪನ್ನು ಎರಡು ಸಲ ಓದಿದ್ದರಿಂದ ಒಂದು ಮಾತು ಹೇಳಲೇಬೇಕು. ಗುಮಾಸ್ತರ ಚಹಾದ ಹೊತ್ತನ್ನು ತಿನ್ನುತ್ತಿರುವುದು ಇನ್‌ವೋಕ್ ಅಲ್ಲ. ಪ್ರತಿ ಆವಕದ ಸಾಲಿಗೂ ನೀವು ಗೆಟ್‌ಮೆಥಡ್ಸ್ ಕರೆದು, ಒಂದೊಂದು ಮೆಥಡ್‌ನ ಮೇಲೂ ‘ಕಡಿತ’ ಆಟ್ರಿಬ್ಯೂಟ್ ಇದೆಯೇ ಎಂದು ಕೇಳುತ್ತಿದ್ದೀರಿ. ಆಟ್ರಿಬ್ಯೂಟ್ ಓದುವುದೆಂದರೆ ಅಸೆಂಬ್ಲಿಯ ಮೆಟಾಡೇಟಾ ಬಿಚ್ಚಿ, ಅದರಲ್ಲಿರುವ ಬೈಟುಗಳನ್ನು ಓದಿ, ಆಟ್ರಿಬ್ಯೂಟ್ ಇದ್ದ ಕಡೆ ಪ್ರತಿ ಸಲವೂ ಹೊಸದೊಂದು ಆಟ್ರಿಬ್ಯೂಟ್ ಆಬ್ಜೆಕ್ಟ್ ಹುಟ್ಟಿಸುವುದು. ಒಂದು ಕ್ಲಾಸಿನಲ್ಲಿ ಮೂವತ್ತು ಮೆಥಡ್ ಇದ್ದರೆ ಎರಡು ಲಕ್ಷ ಸಾಲಿಗೆ ಅರವತ್ತು ಲಕ್ಷ ಸಲ ಈ ಕೆಲಸ ನಡೆಯುತ್ತದೆ. ಇದರ ಮುಂದೆ ಆರು ನಿಯಮಗಳ ಹನ್ನೆರಡು ಲಕ್ಷ ಇನ್‌ವೋಕ್ ಏನೂ ಅಲ್ಲ. ಈ ಹುಡುಕಾಟವನ್ನು ಲೂಪಿನ ಹೊರಗೆ ತಂದ ದಿನವೇ ನಿಮ್ಮ ಕಾಯುವಿಕೆಯ ಬಹುಪಾಲು ಕರಗುತ್ತದೆ. ಡೆಲಿಗೇಟ್ ಅದರ ಮುಂದಿನ ಹೆಜ್ಜೆ. ಆದರೂ ಆ ಹೆಜ್ಜೆ ಇಡಿ ಎಂದೇ ಹೇಳುತ್ತೇನೆ, ವೇಗದ ಕಾರಣಕ್ಕಿಂತ ಬೇರೆ ಕಾರಣಗಳಿಗಾಗಿ. ಅವು ಮುಂದೆ ಬರುತ್ತವೆ.

ಇಲ್ಲಿ ಕೋಡನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಭಾಷೆಯ ಕೀಲಿಪದಗಳನ್ನೂ ಲೈಬ್ರರಿಯ ಹೆಸರುಗಳನ್ನೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿಕೊಳ್ಳಿ. ಆವಕ, ಹಮಾಲಿ, ಕಡಿತ ಎಂದು ನೀವೇ ಇಟ್ಟ ಹೆಸರುಗಳು ಕನ್ನಡದಲ್ಲೇ ಇರಲಿ, ಸಿ ಶಾರ್ಪ್ ಕಂಪೈಲರ್ ಅವನ್ನು ಒಪ್ಪುತ್ತದೆ. ನಿಮ್ಮ ಕೋಡಿನಲ್ಲಿ ಅವು ಕನ್ನಡದಲ್ಲೇ ಇರುವುದನ್ನು ನೋಡಿ ನನಗೆ ಖುಷಿಯಾಯಿತು. ಅದರಲ್ಲೂ ಒಂದು ಸಣ್ಣ ಮುಳ್ಳಿದೆ, ಕಡೆಗೆ ತೋರಿಸುತ್ತೇನೆ.

ಇನ್‌ವೋಕ್ ಒಳಗೆ ಏನು ನಡೆಯುತ್ತದೆ ಎಂಬುದನ್ನು ನಿಮ್ಮ ಊರಿನ ಮಾರುಕಟ್ಟೆ ಅಂಗಳದ ಲೆಕ್ಕದಲ್ಲೇ ನೋಡೋಣ. ಬೆಳಿಗ್ಗೆ ಮೇಸ್ತ್ರಿ ಬಂದು ‘ಈ ಅಂಗಡಿಗೆ ಈ ನಾಲ್ಕು ಮಂದಿ’ ಎಂದು ಹಮಾಲರನ್ನು ನಿಲ್ಲಿಸಿಬಿಟ್ಟರೆ ಆಮೇಲೆ ಲಾರಿ ಬಂದಂತೆಲ್ಲ ಚೀಲ ಇಳಿಯುತ್ತಲೇ ಇರುತ್ತದೆ. ಅದರ ಬದಲು ಒಂದೊಂದು 75 ಕೆಜಿ ಚೀಲಕ್ಕೂ ಮೇಸ್ತ್ರಿಯ ಹತ್ತಿರ ಹೋಗಿ, ‘ಇವ ಈ ಅಂಗಡಿಯವನೇನು? ಈ ಚೀಲ ಭತ್ತದ್ದೇ ಏನು?’ ಎಂದು ಕೇಳಿ, ಚೀಲವನ್ನು ಇನ್ನೊಂದು ದೊಡ್ಡ ಚೀಲಕ್ಕೆ ಹಾಕಿ ಹೊರಿಸಿದರೆ ಹೇಗಿರುತ್ತದೆ? ಇನ್‌ವೋಕ್ ಮಾಡುವುದು ಎರಡನೆಯದನ್ನು. ಕೊಟ್ಟ ಮೌಲ್ಯಗಳನ್ನೆಲ್ಲ ಒಂದು ಆಬ್ಜೆಕ್ಟ್ ಅರೇಯಲ್ಲಿ ತುಂಬಬೇಕು. ಇಂಟ್, ಡೆಸಿಮಲ್ ಥರದ ಮೌಲ್ಯಗಳನ್ನು ಹೀಪ್ ಎಂಬ ಮೆಮೊರಿ ಜಾಗದಲ್ಲಿ ಪೆಟ್ಟಿಗೆ ಕಟ್ಟಬೇಕು, ಅದನ್ನೇ ಬಾಕ್ಸಿಂಗ್ ಎನ್ನುತ್ತೇವೆ. ಪ್ರತಿ ಕರೆಗೂ ಟೈಪ್ ಹೊಂದುತ್ತದೆಯೇ ಎಂದು ಪರೀಕ್ಷೆ. ಬಂದ ಉತ್ತರ ಮತ್ತೆ ಪೆಟ್ಟಿಗೆಯಲ್ಲೇ ಬರುತ್ತದೆ, ಬಿಚ್ಚಿಕೊಳ್ಳಬೇಕು. ಡೆಲಿಗೇಟ್‌ನಲ್ಲಿ ಪರೀಕ್ಷೆ ಕಟ್ಟುವಾಗ ಒಮ್ಮೆ ಮಾತ್ರ. ಆಮೇಲಿನದು ಹೆಚ್ಚುಕಡಿಮೆ ಮಾಮೂಲಿ ಮೆಥಡ್ ಕರೆಯಷ್ಟೇ ಹಗುರ.

ಈಗ ನಿಮ್ಮ ಎಕ್ಸೆಪ್ಷನ್. ನಿಮ್ಮ ನಿಯಮದ ಮೆಥಡ್ ಹೀಗಿದೆ:

ಪಬ್ಲಿಕ್ ಡೆಸಿಮಲ್ ಹಮಾಲಿ(ಆವಕ ಸಾಲು)

ನೀವು ಕೊಟ್ಟ ಡೆಲಿಗೇಟ್ ಟೈಪ್ ಫಂಕ್<ಆಬ್ಜೆಕ್ಟ್, ಆಬ್ಜೆಕ್ಟ್>. ಇಲ್ಲಿ ಎರಡು ಕಡೆ ಜಗಳವಿದೆ, ಒಂದೊಂದಾಗಿ ಬಿಡಿಸುತ್ತೇನೆ.

ಮೊದಲನೆಯದು ಪ್ಯಾರಾಮೀಟರ್. ಡೆಲಿಗೇಟ್ ಟೈಪ್ ಎಂದರೆ ಕರೆಯುವವರಿಗೆ ಕೊಟ್ಟ ವಚನ. ‘ನನ್ನ ಕೈಗೆ ಯಾವ ಆಬ್ಜೆಕ್ಟ್ ಬೇಕಾದರೂ ಕೊಡಿ’ ಎನ್ನುತ್ತದೆ ನಿಮ್ಮ ಡೆಲಿಗೇಟ್. ಹಿಂದೆ ನಿಂತ ಮೆಥಡ್ ‘ನಾನು ಆವಕ ಮಾತ್ರ ತಗೊಳ್ಳುತ್ತೇನೆ’ ಎನ್ನುತ್ತದೆ. ನಾಳೆ ಯಾರಾದರೂ ಒಂದು ಸ್ಟ್ರಿಂಗ್ ಕೊಟ್ಟರೆ ವಚನ ಮುರಿಯುತ್ತದೆ. ಆದ್ದರಿಂದ ಕಟ್ಟುವಾಗಲೇ ಬೇಡ ಎಂದುಬಿಡುತ್ತದೆ. ತಿರುವುಮುರುವಾಗಿದ್ದರೆ ತಕರಾರಿಲ್ಲ: ಮೆಥಡ್ ಆಬ್ಜೆಕ್ಟ್ ತಗೊಳ್ಳುವಂಥದ್ದು, ಡೆಲಿಗೇಟ್ ಆವಕ ಕೊಡುವಂಥದ್ದು ಆಗಿದ್ದರೆ ಒಪ್ಪುತ್ತದೆ, ಏಕೆಂದರೆ ಆವಕವೂ ಒಂದು ಆಬ್ಜೆಕ್ಟೇ. ಒಳಗೆ ಹೋಗುವ ಕಡೆ ಮೆಥಡ್ ಉದಾರವಾಗಿರಬೇಕು. ಹೊರಗೆ ಬರುವ ಕಡೆ ಲೆಕ್ಕ ಉಲ್ಟಾ. ಮೆಥಡ್ ಸ್ಟ್ರಿಂಗ್ ಕೊಡುತ್ತಿದ್ದು ಡೆಲಿಗೇಟ್ ಆಬ್ಜೆಕ್ಟ್ ಕೊಡುತ್ತೇನೆ ಎಂದಿದ್ದರೆ ಸರಿಹೋಗುತ್ತದೆ. ಈ ಸಡಿಲಿಕೆ ಬಂದದ್ದು 2005ರ ಡಾಟ್‌ನೆಟ್ ಫ್ರೇಮ್‌ವರ್ಕ್ 2.0ರಲ್ಲಿ. ಅದಕ್ಕೂ ಮುಂಚೆ ಅಕ್ಷರಶಃ ಹೊಂದಬೇಕಿತ್ತು.

ಹಾಗಾದರೆ ಡೆಸಿಮಲ್‌ನಿಂದ ಆಬ್ಜೆಕ್ಟ್ ಏಕೆ ಆಗಲಿಲ್ಲ ಎಂದು ಕೇಳುತ್ತೀರಿ. ಇದು ಎರಡನೆಯ ಜಗಳ, ಬಹಳ ಮಂದಿ ಎಡವುವುದು ಇಲ್ಲೇ. ಸಡಿಲಿಕೆ ಇರುವುದು ರೆಫರೆನ್ಸ್ ಟೈಪುಗಳಿಗೆ ಮಾತ್ರ. ಸ್ಟ್ರಿಂಗನ್ನು ಆಬ್ಜೆಕ್ಟ್ ಎಂದು ಕಂಡರೆ ಮೆಮೊರಿಯಲ್ಲಿ ಒಂದು ಬೈಟೂ ಬದಲಾಗುವುದಿಲ್ಲ, ಅದೇ ವಿಳಾಸ, ನೋಡುವ ಕಣ್ಣು ಬೇರೆ. ಡೆಸಿಮಲ್ ಎಂಬುದು 16 ಬೈಟಿನ ಮೌಲ್ಯ. ಅದನ್ನು ಆಬ್ಜೆಕ್ಟ್ ಮಾಡಬೇಕಾದರೆ ಹೀಪ್‌ನಲ್ಲಿ ಜಾಗ ಹಿಡಿದು ಪೆಟ್ಟಿಗೆ ಕಟ್ಟುವ ಕೋಡ್ ಯಾರಾದರೂ ಬರೆಯಬೇಕು. ಸಿ ಶಾರ್ಪ್‌ನಲ್ಲಿ ನೀವು ಸುಮ್ಮನೆ ಆಬ್ಜೆಕ್ಟ್‌ಗೆ ಡೆಸಿಮಲ್ ಹಾಕಿದಾಗ ಕಂಪೈಲರ್ ಆ ಕೋಡನ್ನು ಸದ್ದಿಲ್ಲದೆ ಸೇರಿಸುತ್ತದೆ. ಕ್ರಿಯೇಟ್‌ಡೆಲಿಗೇಟ್ ಕೋಡ್ ಬರೆಯುವುದಿಲ್ಲ. ಇದ್ದ ಮೆಥಡ್‌ಗೆ ದಾರಿ ತೋರಿಸುವುದಷ್ಟೇ ಅದರ ಕೆಲಸ. ದಾರಿಯ ನಡುವೆ ಪೆಟ್ಟಿಗೆ ಕಟ್ಟುವವರು ಇಲ್ಲ. ಇದು ಮನಸ್ಸಿಗೆ ಹತ್ತಿದರೆ ಮುಂದಿನ ಅರ್ಧ ಗೊಂದಲ ಬರುವುದೇ ಇಲ್ಲ.

ಆದ್ದರಿಂದ ಸರಿಯಾದ ಸಾಲು ಇದು:

ವಾರ್ ಲೆಕ್ಕ = (ಫಂಕ್<ಆವಕ, ಡೆಸಿಮಲ್>) ಡೆಲಿಗೇಟ್.ಕ್ರಿಯೇಟ್‌ಡೆಲಿಗೇಟ್(ಟೈಪ್‌ಆಫ್(ಫಂಕ್<ಆವಕ, ಡೆಸಿಮಲ್>), ನಿಯಮ, ಮೆಥಡ್);

ಇಲ್ಲಿ ‘ನಿಯಮ’ ಎಂದರೆ ಅಂಗಡಿಯ ನಿಯಮ ಕ್ಲಾಸಿನ ಒಂದು ಆಬ್ಜೆಕ್ಟ್, ‘ಮೆಥಡ್’ ಎಂದರೆ ರಿಫ್ಲೆಕ್ಷನ್‌ನಿಂದ ಸಿಕ್ಕ ಮೆಥಡ್‌ಇನ್ಫೊ. 2012ರ ಫ್ರೇಮ್‌ವರ್ಕ್ 4.5ರಿಂದ ಮೆಥಡ್‌ಇನ್ಫೊ ಮೇಲೇ ಕ್ರಿಯೇಟ್‌ಡೆಲಿಗೇಟ್ ಕರೆಯಬಹುದು. 2020ರ ಡಾಟ್‌ನೆಟ್ 5ರಿಂದ ಇನ್ನೂ ಚೊಕ್ಕ:

ವಾರ್ ಲೆಕ್ಕ = ಮೆಥಡ್.ಕ್ರಿಯೇಟ್‌ಡೆಲಿಗೇಟ್<ಫಂಕ್<ಆವಕ, ಡೆಸಿಮಲ್>>(ನಿಯಮ);

ಆಮೇಲೆ ಲೆಕ್ಕ(ಸಾಲು) ಎಂದು ಕರೆದರೆ ಆಯಿತು. ಅರೇ ಇಲ್ಲ, ಪೆಟ್ಟಿಗೆ ಇಲ್ಲ.

ಎರಡನೆಯ ಆರ್ಗ್ಯುಮೆಂಟಾಗಿ ಆಬ್ಜೆಕ್ಟ್ ಕೊಡುವುದು, ಬಿಡುವುದು ಎಂಬುದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಡೆಲಿಗೇಟ್ ಒಳಗೆ ಮುಖ್ಯವಾಗಿ ಎರಡು ಸಂಗತಿ ಇರುತ್ತವೆ: ಯಾರ ಮೇಲೆ ಕರೆಯಬೇಕು, ಏನನ್ನು ಕರೆಯಬೇಕು. ‘ಯಾರ ಮೇಲೆ’ ಎಂಬುದನ್ನು ಕಟ್ಟುವಾಗಲೇ ತುಂಬಿಬಿಟ್ಟರೆ ಅದು ಮುಚ್ಚಿದ ಡೆಲಿಗೇಟ್. ಖಾಲಿ ಬಿಟ್ಟು ಪ್ರತಿ ಕರೆಗೂ ಮೊದಲ ಆರ್ಗ್ಯುಮೆಂಟಾಗಿ ಕೊಟ್ಟರೆ ತೆರೆದ ಡೆಲಿಗೇಟ್. ಮೆಥಡ್ ಆಬ್ಜೆಕ್ಟ್ ಬೇಡದ ಸ್ಟ್ಯಾಟಿಕ್ ಇರಬಹುದು, ಆಬ್ಜೆಕ್ಟ್ ಮೇಲೆಯೇ ಕರೆಯಬೇಕಾದ ಇನ್‌ಸ್ಟನ್ಸ್ ಇರಬಹುದು. ಹೀಗೆ ಒಟ್ಟು ನಾಲ್ಕು ಬಗೆ. ಎಲ್ಲರಿಗೂ ಪರಿಚಯವಿರುವುದು ಎರಡೇ: ಆಬ್ಜೆಕ್ಟ್ ಜೊತೆ ಕಟ್ಟಿದ ಇನ್‌ಸ್ಟನ್ಸ್ ಮೆಥಡ್, ಮತ್ತು ಸಾದಾ ಸ್ಟ್ಯಾಟಿಕ್ ಮೆಥಡ್. ಮುಚ್ಚಿದ ಸ್ಟ್ಯಾಟಿಕ್ ಎಂದರೆ ಸ್ಟ್ಯಾಟಿಕ್ ಮೆಥಡ್‌ನ ಮೊದಲ ಪ್ಯಾರಾಮೀಟರನ್ನು ಮುಂಚೆಯೇ ತುಂಬಿಡುವುದು. ಎಕ್ಸ್‌ಟೆನ್ಷನ್ ಮೆಥಡ್‌ಗಳಿಗೆ ಡೆಲಿಗೇಟ್ ಮಾಡುವಾಗ ನಡೆಯುವುದು ಇದೇ. ಆ ಮೊದಲ ಪ್ಯಾರಾಮೀಟರ್ ರೆಫರೆನ್ಸ್ ಟೈಪ್ ಆಗಿರಬೇಕು, ಅಷ್ಟೇ.

ನನಗೆ ಬಹಳ ಇಷ್ಟವಾದದ್ದು ನಾಲ್ಕನೆಯದು, ತೆರೆದ ಇನ್‌ಸ್ಟನ್ಸ್ ಡೆಲಿಗೇಟ್. ನಮ್ಮ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ. ‘ಗೇಟು’ ಎಂಬ ಕ್ಲಾಸ್ ಬರೆದು ಅದರಲ್ಲಿ ‘ಹರಿವು’ ಎಂಬ ಮೆಥಡ್ ಇಟ್ಟಿರಿ ಎನ್ನೋಣ. ಡಬಲ್ ಎತ್ತರ ಕೊಟ್ಟರೆ ಎಷ್ಟು ನೀರು ಹೊರಗೆ ಹೋಗುತ್ತದೆ ಎಂದು ಡಬಲ್‌ನಲ್ಲೇ ಹೇಳುತ್ತದೆ. 33 ಗೇಟಿಗೆ 33 ಡೆಲಿಗೇಟ್ ಕಟ್ಟುವ ಅಗತ್ಯವಿಲ್ಲ. ಆಬ್ಜೆಕ್ಟ್ ಕೊಡದೆ ಒಂದೇ ಒಂದು ಕಟ್ಟಿ:

ವಾರ್ ಹರಿವು = ಮೆಥಡ್.ಕ್ರಿಯೇಟ್‌ಡೆಲಿಗೇಟ್<ಫಂಕ್<ಗೇಟು, ಡಬಲ್, ಡಬಲ್>>();

ಆಮೇಲೆ ಹರಿವು(ಗೇಟು19, 1.5) ಎಂದು ಯಾವ ಗೇಟನ್ನಾದರೂ ಮುಂದಿಟ್ಟು ಕೇಳಬಹುದು. ಡೆಲಿಗೇಟ್ ಟೈಪಿನಲ್ಲಿ ಮೆಥಡ್‌ಗಿಂತ ಒಂದು ಪ್ಯಾರಾಮೀಟರ್ ಹೆಚ್ಚಿರುವುದನ್ನು ಗಮನಿಸಿ. ಮೆಥಡ್‌ನೊಳಗೆ ‘ದಿಸ್’ ಎಂದು ಅಡಗಿ ಕೂತಿದ್ದದ್ದು ಇಲ್ಲಿ ಹೊರಗೆ ಬಂದು ಮೊದಲ ಸ್ಥಾನದಲ್ಲಿ ನಿಂತಿದೆ. ಮೆಥಡ್ ವರ್ಚುವಲ್ ಆಗಿದ್ದರೆ ಇನ್ನೂ ಒಳ್ಳೆಯದು. ಮೂಲ ಕ್ಲಾಸಿನ ಮೆಥಡ್‌ಗೆ ಕಟ್ಟಿದರೂ, ಕರೆಯುವಾಗ ಕೊಟ್ಟ ಆಬ್ಜೆಕ್ಟ್ ಯಾವ ಮರಿಕ್ಲಾಸಿನದೋ ಅದರ ಓವರ್‌ರೈಡ್ ಓಡುತ್ತದೆ. ಇಂಟರ್‌ಫೇಸಿನ ಮೆಥಡ್‌ಗೂ ಹೀಗೆ ಕಟ್ಟಬಹುದು. ನಿಮ್ಮಲ್ಲಿ ಹತ್ತು ಅಂಗಡಿಯ ನಿಯಮಗಳು ಒಂದೇ ಮೂಲ ಕ್ಲಾಸಿನಿಂದ ಇಳಿದಿದ್ದರೆ ಇದು ನೇರ ಉಪಯೋಗಕ್ಕೆ ಬರುತ್ತದೆ.

ಇದೇ ಜಾಗದಲ್ಲಿ ಒಂದು ಹೊಂಡವೂ ಇದೆ. ಇನ್‌ಸ್ಟನ್ಸ್ ಮೆಥಡ್‌ಗೆ ಮುಚ್ಚಿದ ಡೆಲಿಗೇಟ್ ಕಟ್ಟುವಾಗ ‘ನಿಯಮ’ ಎಂಬ ವೇರಿಯಬಲ್ ತಪ್ಪಿ ನಲ್ (ಖಾಲಿ) ಆಗಿದ್ದರೆ ಕ್ರಿಯೇಟ್‌ಡೆಲಿಗೇಟ್ ತಡೆಯುತ್ತದೆ ಎಂದು ನಂಬಬೇಡಿ. ಮೆಥಡ್‌ಇನ್ಫೊ ಕೊಡುವ ರೂಪದಲ್ಲಿ ಅದು ನಲ್ ಮೇಲೆಯೇ ಮುಚ್ಚಿದ ಡೆಲಿಗೇಟ್ ಕಟ್ಟಿಕೊಡಬಲ್ಲದು. ಕಟ್ಟುವಾಗ ಸದ್ದಿಲ್ಲ. ಎಲ್ಲೋ ದೂರದಲ್ಲಿ, ಬಿಲ್ ಮುದ್ರಿಸುವ ಹೊತ್ತಿಗೆ, ನಿಯಮದೊಳಗೆ ಒಂದು ಫೀಲ್ಡ್ ಮುಟ್ಟಿದಾಗ ನಲ್ ರೆಫರೆನ್ಸ್ ಎಂದು ಬೀಳುತ್ತದೆ. ಆಗ ತಪ್ಪಿನ ಮೂಲ ಹುಡುಕುವುದು ಕಷ್ಟ. ಆದ್ದರಿಂದ ಕಟ್ಟುವ ಮೊದಲು, ಮೆಥಡ್ ಸ್ಟ್ಯಾಟಿಕ್ ಅಲ್ಲದಿದ್ದರೆ ಆಬ್ಜೆಕ್ಟ್ ಇದೆಯೇ ಎಂದು ನೀವೇ ಪರೀಕ್ಷಿಸಿ.

ಸ್ಟ್ರಕ್ಟ್ ಒಳಗಿನ ಮೆಥಡ್‌ಗೆ ತೆರೆದ ಡೆಲಿಗೇಟ್ ಕಟ್ಟುವುದಾದರೆ ಮೊದಲ ಪ್ಯಾರಾಮೀಟರ್ ‘ರೆಫ್’ ಆಗಿರಬೇಕು. ಫಂಕ್‌ನಲ್ಲಿ ರೆಫ್ ಬರೆಯಲು ಬರುವುದಿಲ್ಲ, ಆದ್ದರಿಂದ ನಿಮ್ಮದೇ ಡೆಲಿಗೇಟ್ ಟೈಪ್ ಘೋಷಿಸಿಕೊಳ್ಳಿ.

ಇನ್ನು ಸಿಗ್ನೇಚರ್ ಮೊದಲೇ ಗೊತ್ತಿಲ್ಲದ ಪ್ರಶ್ನೆ. ನಿಮ್ಮ ಪರಿಸ್ಥಿತಿಯಲ್ಲಿ ‘ಗೊತ್ತಿಲ್ಲ’ ಎಂಬುದು ಪೂರ್ತಿ ನಿಜವಲ್ಲ. ಒಳಗೆ ಹೋಗುವುದು ಯಾವಾಗಲೂ ಆವಕ. ಹೊರಗೆ ಬರುವುದು ಡೆಸಿಮಲ್ ಅಥವಾ ಇಂಟ್. ಎರಡೇ ದಾರಿ ಇದ್ದಾಗ ದೊಡ್ಡ ವಿದ್ಯೆ ಬೇಡ, ಒಂದು ಇಫ್ ಸಾಕು:

ಇಫ್ (ಮೆಥಡ್.ರಿಟರ್ನ್‌ಟೈಪ್ == ಟೈಪ್‌ಆಫ್(ಇಂಟ್))
{
  ವಾರ್ ಒಳ = ಮೆಥಡ್.ಕ್ರಿಯೇಟ್‌ಡೆಲಿಗೇಟ್<ಫಂಕ್<ಆವಕ, ಇಂಟ್>>(ನಿಯಮ);
  ರಿಟರ್ನ್ ಸಾಲು => ಒಳ(ಸಾಲು);
}
ರಿಟರ್ನ್ ಮೆಥಡ್.ಕ್ರಿಯೇಟ್‌ಡೆಲಿಗೇಟ್<ಫಂಕ್<ಆವಕ, ಡೆಸಿಮಲ್>>(ನಿಯಮ);

ಹೊರಗಿನ ಮೆಥಡ್ ಕೊಡುವುದು ಫಂಕ್<ಆವಕ, ಡೆಸಿಮಲ್>. ಇಂಟ್ ಬಂದಾಗ ನಡುವಿನ ಸಣ್ಣ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಮೆಥಡ್) ಅದನ್ನು ಡೆಸಿಮಲ್ ಮಾಡುತ್ತದೆ, ಆ ಬದಲಾವಣೆಯ ಕೋಡನ್ನು ಕಂಪೈಲರ್ ಬರೆಯುತ್ತದೆ. ಎಲ್ಲೂ ಪೆಟ್ಟಿಗೆ ಕಟ್ಟಲಿಲ್ಲ. ನಿಮ್ಮ ಕೆಲಸಕ್ಕೆ ಇದನ್ನೇ ಹಿಡಿಯಿರಿ. ಮುಂದೆ ಓದುವವರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.

ನಿಜಕ್ಕೂ ಟೈಪ್ ಗೊತ್ತಿರದ ಸಂದರ್ಭಕ್ಕೆ, ಅಂದರೆ ಯಾರೋ ಬರೆದ ಕ್ಲಾಸಿನ ಯಾವುದೋ ಮೆಥಡ್‌ಗೆ ಫಂಕ್<ಆವಕ, ಆಬ್ಜೆಕ್ಟ್> ಬೇಕಾದಾಗ, ಟೈಪನ್ನು ಆಮೇಲೆ ತುಂಬುವ ಜೆನೆರಿಕ್ ಹೊದಿಕೆ ಎಂಬ ಉಪಾಯವಿದೆ:

ಸ್ಟ್ಯಾಟಿಕ್ ಫಂಕ್<ಆವಕ, ಆಬ್ಜೆಕ್ಟ್> ಹೊದಿಕೆ<ಫಲ>(ಮೆಥಡ್‌ಇನ್ಫೊ ಮ, ಆಬ್ಜೆಕ್ಟ್ ಯಾರು)
{
  ವಾರ್ ಒಳ = ಮ.ಕ್ರಿಯೇಟ್‌ಡೆಲಿಗೇಟ್<ಫಂಕ್<ಆವಕ, ಫಲ>>(ಯಾರು);
  ರಿಟರ್ನ್ ಸಾಲು => ಒಳ(ಸಾಲು);
}

ಈ ಹೊದಿಕೆಯನ್ನೇ ರಿಫ್ಲೆಕ್ಷನ್‌ನಿಂದ ಹಿಡಿದು, ಮೇಕ್‌ಜೆನೆರಿಕ್‌ಮೆಥಡ್‌ಗೆ ಆ ಮೆಥಡ್‌ನ ರಿಟರ್ನ್ ಟೈಪ್ ಕೊಟ್ಟು, ಬಂದದ್ದನ್ನು ಒಂದೇ ಒಂದು ಸಲ ಇನ್‌ವೋಕ್ ಮಾಡುತ್ತೀರಿ. ಹಾಗೆ ಸಿಕ್ಕ ಡೆಲಿಗೇಟನ್ನು ಎತ್ತಿಟ್ಟುಕೊಂಡು ಲಕ್ಷ ಸಲ ಕರೆಯುತ್ತೀರಿ. ಇದರ ಸೊಗಸು ಇರುವುದು ‘ಫಲ’ದಲ್ಲಿ. ಬರೆಯುವಾಗ ನಮಗೆ ಅದು ಯಾವ ಟೈಪ್ ಎಂದು ಗೊತ್ತಿಲ್ಲ, ಆದರೆ ಹೊದಿಕೆ ಓಡುವ ಹೊತ್ತಿಗೆ ಅದು ಡೆಸಿಮಲ್ ಎಂದು ರನ್‌ಟೈಮಿಗೆ ಖಚಿತವಾಗಿ ಗೊತ್ತಿರುತ್ತದೆ. ಪೆಟ್ಟಿಗೆ ಕಟ್ಟುವ ಕೋಡ್ ಲ್ಯಾಂಬ್ಡಾದೊಳಗೆ ಹುಟ್ಟುತ್ತದೆ. ಕ್ರಿಯೇಟ್‌ಡೆಲಿಗೇಟ್ ಮಾಡಲೊಲ್ಲದ ಕೆಲಸವನ್ನು ಹೊದಿಕೆ ಮಾಡಿಕೊಟ್ಟಿತು. ರಿಟರ್ನ್ ಟೈಪ್ ವಾಯ್ಡ್ ಆದರೆ ಮಾತ್ರ ಇದು ನಡೆಯದು, ವಾಯ್ಡನ್ನು ಜೆನೆರಿಕ್ ಟೈಪಾಗಿ ಕೊಡಲಾಗುವುದಿಲ್ಲ. ಅದಕ್ಕೆ ಆಕ್ಷನ್ ಇಟ್ಟು ಇನ್ನೊಂದು ಹೊದಿಕೆ ಬರೆಯಿರಿ.

ಎಕ್ಸ್‌ಪ್ರೆಷನ್ ಟ್ರೀ, ಅಂದರೆ ಕೋಡನ್ನೇ ಡೇಟಾದಂತೆ ಜೋಡಿಸಿದ ಮರ, ಕಟ್ಟಿ ಓಡುವಾಗಲೇ ಕಂಪೈಲ್ ಮಾಡುವುದು ಮತ್ತೊಂದು ದಾರಿ. ಅದರಲ್ಲಿ ಪರಿವರ್ತನೆಗಳನ್ನು ಮನಸ್ಸಿಗೆ ಬಂದಂತೆ ಸೇರಿಸಬಹುದು. ಕನ್‌ಸ್ಟ್ರಕ್ಟರ್‌ಗೆ ಡೆಲಿಗೇಟ್ ಬೇಕಾದರೆ ಅದೇ ಸುಲಭ, ಏಕೆಂದರೆ ಕನ್‌ಸ್ಟ್ರಕ್ಟರ್‌ಇನ್ಫೊಗೆ ಕ್ರಿಯೇಟ್‌ಡೆಲಿಗೇಟ್ ಇಲ್ಲವೇ ಇಲ್ಲ. ಆದರೆ ಕಂಪೈಲ್ ಮಾಡುವ ಖರ್ಚು ದೊಡ್ಡದು. ಆರು ನಿಯಮಗಳಿಗಾಗಿ ಅಷ್ಟು ದೂರ ಹೋಗಬೇಡಿ.

ಡೆಲಿಗೇಟ್ ಟೈಪ್ ಗೊತ್ತಾಗದೆ ಹತಾಶರಾಗಿ ಡೈನಾಮಿಕ್‌ಇನ್‌ವೋಕ್ ಕಡೆ ಹೋಗುವವರನ್ನು ಕಂಡಿದ್ದೇನೆ. ಅದು ಡೆಲಿಗೇಟ್ ಹೆಸರಿನಲ್ಲಿ ಮತ್ತೆ ಅದೇ ಅರೇ, ಅದೇ ಪೆಟ್ಟಿಗೆ, ಅದೇ ಪರೀಕ್ಷೆ. ಮೆಥಡ್‌ಇನ್ಫೊದ ಇನ್‌ವೋಕ್‌ಗಿಂತ ಯಾವ ಲಾಭವೂ ಇಲ್ಲ.

ಮೊದಲು ವೇಗವಲ್ಲದೆ ಬೇರೆ ಕಾರಣ ಇವೆ ಎಂದಿದ್ದೆನಲ್ಲ. ಒಂದು, ತಪ್ಪು ಬೇಗ ಸಿಗುತ್ತದೆ. ಯಾವುದೋ ಅಂಗಡಿಯ ಡಿಎಲ್ಎಲ್‌ನಲ್ಲಿ ಯಾರೋ ‘ಹಮಾಲಿ’ಗೆ ಎರಡು ಪ್ಯಾರಾಮೀಟರ್ ಹಾಕಿದ್ದರೆ, ಇನ್‌ವೋಕ್‌ನಲ್ಲಿ ಅದು ಬಿಲ್ ಮಾಡುವಾಗ ರೈತರು ಎದುರಿಗೆ ಕಾಯುತ್ತಿರುವ ಹೊತ್ತಿಗೆ ಗೊತ್ತಾಗುತ್ತದೆ. ಡೆಲಿಗೇಟ್ ಆದರೆ ಬೆಳಿಗ್ಗೆ ಸಾಫ್ಟ್‌ವೇರ್ ತೆರೆದಾಗಲೇ, ಎಲ್ಲ ನಿಯಮ ಕಟ್ಟುವಾಗಲೇ ನಿಂತುಹೋಗುತ್ತದೆ. ಇದರ ಬೆಲೆ ನನಗೆ ಕೆಲವು ನ್ಯಾನೋಸೆಕೆಂಡುಗಳಿಗಿಂತ ದೊಡ್ಡದು. ಎರಡು, ಎಕ್ಸೆಪ್ಷನ್. ಇನ್‌ವೋಕ್ ಮೂಲಕ ಕರೆದ ಮೆಥಡ್ ಒಳಗೆ ಏನೇ ತಪ್ಪಾದರೂ ಅದು ಟಾರ್ಗೆಟ್ ಇನ್‌ವೊಕೇಷನ್ ಎಕ್ಸೆಪ್ಷನ್ ಎಂಬ ಹೊದಿಕೆಯೊಳಗೆ ಬರುತ್ತದೆ, ನಿಜವಾದ ತಪ್ಪು ಇನ್ನರ್‌ಎಕ್ಸೆಪ್ಷನ್‌ನಲ್ಲಿ ಕೂತಿರುತ್ತದೆ. ಡೆಲಿಗೇಟ್‌ನಲ್ಲಿ ಮೂಲ ಎಕ್ಸೆಪ್ಷನ್ ನೇರವಾಗಿ ಬರುತ್ತದೆ. ಹಾಗಾಗಿ ಬದಲಾಯಿಸುವಾಗ ನಿಮ್ಮ ಕ್ಯಾಚ್ ಬ್ಲಾಕ್‌ಗಳನ್ನು ಮರೆಯದೆ ನೋಡಿ. ನೀವು ಕಳಿಸಿದ ಕೋಡಿನಲ್ಲಿ ಒಂದು ಕಡೆ ಇನ್ನರ್‌ಎಕ್ಸೆಪ್ಷನ್ ತೆಗೆದು ಅದರ ಸಂದೇಶ ತೋರಿಸುತ್ತಿದ್ದೀರಿ. ಡೆಲಿಗೇಟ್ ಹಾಕಿದ ಮೇಲೆ ಆ ಕ್ಯಾಚ್‌ಗೆ ಏನೂ ಸಿಗುವುದಿಲ್ಲ, ತಪ್ಪು ಅದನ್ನು ದಾಟಿ ಮೇಲೆ ಹೋಗುತ್ತದೆ.

ಕಟ್ಟಿದ್ದನ್ನು ಎಲ್ಲಿ ಇಡುತ್ತೀರಿ ಎಂಬುದು ಕಟ್ಟುವಷ್ಟೇ ಮುಖ್ಯ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕಕ್ಕೆ ನಾನು ಕೂಲಿ ಲೆಕ್ಕದ ತಂತ್ರಾಂಶ ಬರೆದಿದ್ದೆ. ಜೇಬಿಗೆ ಒಂದು ದರ, ಬೆಲ್ಟ್ ಪಟ್ಟಿಗೆ ಒಂದು ದರ, ಜಿಪ್ಪಿಗೆ ಒಂದು ದರ. ಪೀಸ್ ಲೆಕ್ಕದ ಕೂಲಿ. ನಾನೂ ಇನ್‌ವೋಕ್ ತೆಗೆದು ಕ್ರಿಯೇಟ್‌ಡೆಲಿಗೇಟ್ ಹಾಕಿದೆ, ಆದರೆ ಲೂಪಿನ ಒಳಗೇ ಹಾಕಿದೆ. ಮೊದಲಿಗಿಂತ ನಿಧಾನವಾಯಿತು. ಶನಿವಾರ ಸಂಜೆ ಬಟವಾಡೆಗೆ ನಿಂತವರು ಇನ್ನಷ್ಟು ಹೊತ್ತು ನಿಲ್ಲಬೇಕಾಯಿತು, ಅದು ನನಗೆ ಈಗಲೂ ನೋವಿನ ನೆನಪು. ಕ್ರಿಯೇಟ್‌ಡೆಲಿಗೇಟ್ ಎಂಬುದು ಅಗ್ಗದ ಕರೆಯಲ್ಲ. ಸಿಗ್ನೇಚರ್ ಎರಡನ್ನೂ ತಾಳೆ ನೋಡಿ, ಹೊಸ ಆಬ್ಜೆಕ್ಟ್ ಹುಟ್ಟಿಸುತ್ತದೆ. ಒಂದೇ ಸಲ ಕರೆಯುವ ಮೆಥಡ್‌ಗೆ ಇನ್‌ವೋಕೇ ಸಾಕು. ಕಟ್ಟಿದ ಡೆಲಿಗೇಟನ್ನು ಅಂಗಡಿ ತೆರೆದಾಗ ಒಂದು ಅರೇಗೆ ಹಾಕಿ, ಲೂಪಿನಲ್ಲಿ ಆ ಅರೇ ಮೇಲೆ ಮಾತ್ರ ನಡೆಯಿರಿ.

ಆ ಅರೇಯನ್ನು ಸ್ಟ್ಯಾಟಿಕ್ ಡಿಕ್ಷನರಿಯಲ್ಲಿ ಇಡುವ ಮೊದಲು ಯೋಚಿಸಿ. ಮುಚ್ಚಿದ ಡೆಲಿಗೇಟ್ ತನ್ನ ಆಬ್ಜೆಕ್ಟನ್ನು ಕೈಬಿಡುವುದಿಲ್ಲ. ಹಳೆಯ ಅಂಗಡಿಯ ನಿಯಮ ಮುಚ್ಚಿ ಹೊಸದು ತೆರೆದರೂ, ಸ್ಟ್ಯಾಟಿಕ್‌ನಲ್ಲಿ ಡೆಲಿಗೇಟ್ ಉಳಿದಿದ್ದರೆ ಹಳೆಯ ಆಬ್ಜೆಕ್ಟ್, ಅದು ಹಿಡಿದ ಡೇಟಾ ಎಲ್ಲ ಮೆಮೊರಿಯಲ್ಲಿ ಉಳಿಯುತ್ತವೆ. ಡಿಎಲ್ಎಲ್‌ಗಳನ್ನು ಬಿಚ್ಚಿ ತೆಗೆಯಬಹುದಾದ ಲೋಡ್ ಕಾಂಟೆಕ್ಸ್ಟ್‌ನಲ್ಲಿ ತೆರೆಯುತ್ತಿದ್ದರೆ ಅವೂ ಬಿಚ್ಚಿಕೊಳ್ಳುವುದಿಲ್ಲ. ಸ್ಟ್ಯಾಟಿಕ್ ಆಗಿಯೇ ಇಡಬೇಕಾದರೆ ತೆರೆದ ಡೆಲಿಗೇಟ್ ಇಡಿ, ಅದು ಕನಿಷ್ಠ ಆಬ್ಜೆಕ್ಟನ್ನು ಹಿಡಿದುಕೊಳ್ಳುವುದಿಲ್ಲ.

ಈಗ ಹೆಸರಿನ ಮುಳ್ಳು. ಗೆಟ್‌ಮೆಥಡ್‌ಗೆ ಹೆಸರು ಕೊಟ್ಟು ಹುಡುಕಿದಾಗ ನಲ್ ಬಂದರೆ ಸಾಮಾನ್ಯ ಕಾರಣ ಬೈಂಡಿಂಗ್ ಫ್ಲ್ಯಾಗ್, ಅಂದರೆ ಎಂಥ ಮೆಥಡ್ ಹುಡುಕಬೇಕೆಂಬ ಸೂಚನೆ. ನೀವೇ ಫ್ಲ್ಯಾಗ್ ಕೊಡುವುದಾದರೆ ಪಬ್ಲಿಕ್ ಅಥವಾ ನಾನ್‌ಪಬ್ಲಿಕ್ ಎಂಬುದರ ಜೊತೆ ಇನ್‌ಸ್ಟನ್ಸ್ ಅಥವಾ ಸ್ಟ್ಯಾಟಿಕ್ ಎಂಬುದನ್ನೂ ಕೊಡಲೇಬೇಕು, ಒಂದನ್ನೇ ಕೊಟ್ಟರೆ ಏನೂ ಸಿಗುವುದಿಲ್ಲ. ಒಂದೇ ಹೆಸರಿನ ಎರಡು ಓವರ್‌ಲೋಡ್ ಇದ್ದರೆ ಅಸ್ಪಷ್ಟ ಎಂದು ಎಕ್ಸೆಪ್ಷನ್ ಬರುತ್ತದೆ, ಪ್ಯಾರಾಮೀಟರ್ ಟೈಪುಗಳ ಅರೇ ಕೊಟ್ಟು ಬಿಡಿಸಿ. ಇವೆರಡೂ ಪುಸ್ತಕದಲ್ಲಿ ಸಿಗುವ ಮಾತು. ಕನ್ನಡದಲ್ಲಿ ಹೆಸರಿಡುವವರಿಗೆ ಮಾತ್ರ ಸಿಗುವ ಮೂರನೆಯದೊಂದಿದೆ. ‘ಕಮಿಷನ್‌ಲೆಕ್ಕ’ ಎಂದು ಬರೆಯುವಾಗ ‘ನ್’ ಮತ್ತು ‘ಲೆ’ ಒತ್ತಕ್ಷರವಾಗಿ ಕೂಡಿಕೊಳ್ಳದಿರಲಿ ಎಂದು ಕೀಲಿಮಣೆಯಿಂದ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರವೊಂದನ್ನು ನಡುವೆ ಹಾಕುತ್ತೇವೆ. ಸಿ ಶಾರ್ಪ್‌ನ ನಿಯಮದಂತೆ ಹೆಸರಿನೊಳಗಿನ ಇಂಥ ಕಾಣದ ಅಕ್ಷರಗಳನ್ನು ಕಂಪೈಲರ್ ತೆಗೆದುಹಾಕುತ್ತದೆ. ಡಿಎಲ್ಎಲ್ ಒಳಗೆ ಸೇರುವ ಹೆಸರಿನಲ್ಲಿ ಅದು ಇರುವುದಿಲ್ಲ. ಆದರೆ ಗೆಟ್‌ಮೆಥಡ್‌ಗೆ ನೀವು ಉದ್ಧರಣ ಚಿಹ್ನೆಯೊಳಗೆ ಕೊಟ್ಟ ಸ್ಟ್ರಿಂಗ್‌ನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಪರದೆಯ ಮೇಲೆ ಎರಡೂ ಒಂದೇ ಹೆಸರು, ಹೋಲಿಸಿದರೆ ಬೇರೆ ಬೇರೆ. ಫಲಿತ ನಲ್. ಪರಿಹಾರ ಸರಳ: ಕೈಯಲ್ಲಿ ಸ್ಟ್ರಿಂಗ್ ಬರೆಯದೆ ನೇಮ್‌ಆಫ್ ಬಳಸಿ, ಅದು ಕಂಪೈಲರ್ ಕಂಡ ಹೆಸರನ್ನೇ ಕೊಡುತ್ತದೆ. ಬೇರೆ ಡಿಎಲ್ಎಲ್‌ನ ಹೆಸರು ಸೆಟ್ಟಿಂಗ್ಸ್ ಫೈಲಿನಿಂದ ಬರುತ್ತಿದ್ದರೆ ಹುಡುಕುವ ಮೊದಲು ಆ ಅಕ್ಷರವನ್ನು ರಿಪ್ಲೇಸ್ ಮಾಡಿ ತೆಗೆಯಿರಿ. ನೀವು ಆಟ್ರಿಬ್ಯೂಟ್‌ನಿಂದ ಹುಡುಕುತ್ತಿರುವುದರಿಂದ ಸದ್ಯ ಪಾರಾಗಿದ್ದೀರಿ.

ಆವೃತ್ತಿಯ ವಿಚಾರವೂ ಗೊತ್ತಿರಲಿ. 2022ರ ಡಾಟ್‌ನೆಟ್ 7ರಲ್ಲಿ ಇನ್‌ವೋಕ್‌ನ ಒಳಗಿನ ಕೆಲಸವನ್ನೇ ತಿದ್ದಿ ವೇಗ ಹೆಚ್ಚಿಸಿದ್ದಾರೆ. ಪದೇ ಪದೇ ಕರೆದ ಮೆಥಡ್‌ಗೆ ಅದು ತಾನೇ ಒಳಗೊಳಗೆ ಕೋಡ್ ಹುಟ್ಟಿಸಿಕೊಳ್ಳುತ್ತದೆ. 2023ರ ಡಾಟ್‌ನೆಟ್ 8ರಲ್ಲಿ ಮೆಥಡ್‌ಇನ್‌ವೋಕರ್ ಎಂಬ ಹೊಸ ಕ್ಲಾಸೂ ಬಂದಿದೆ, ಸಿಗ್ನೇಚರ್ ನಿಜಕ್ಕೂ ಗೊತ್ತಿಲ್ಲದಾಗ ಬಳಸಲು. ಆದ್ದರಿಂದ ಹಳೆಯ ಬರಹಗಳಲ್ಲಿ ಇನ್‌ವೋಕ್ ಇಷ್ಟು ಪಟ್ಟು ನಿಧಾನ ಎಂದು ಕೊಟ್ಟ ಅಂಕಿಗಳನ್ನು ನಂಬದೆ ನಿಮ್ಮ ಕಂಪ್ಯೂಟರಿನಲ್ಲೇ ಅಳೆಯಿರಿ. ಸ್ಟಾಪ್‌ವಾಚ್ ಹಾಕಿ, ರಿಲೀಸ್ ಬಿಲ್ಡ್‌ನಲ್ಲಿ, ಮೊದಲ ಕೆಲವು ಕರೆಗಳನ್ನು ಲೆಕ್ಕಕ್ಕೆ ಹಿಡಿಯದೆ. ನೇಟಿವ್ ಎಒಟಿಯಲ್ಲಿ, ಅಂದರೆ ಎಲ್ಲ ಕೋಡನ್ನೂ ಮೊದಲೇ ಯಂತ್ರಭಾಷೆಗೆ ಇಳಿಸಿ, ಕಟ್ಟುವ ಯೋಚನೆ ಇದ್ದರೆ ಮೇಲೆ ಹೇಳಿದ ಜೆನೆರಿಕ್ ಹೊದಿಕೆ ಡೆಸಿಮಲ್‌ನಂಥ ಟೈಪುಗಳಿಗೆ ಓಡದೇ ಇರಬಹುದು, ಏಕೆಂದರೆ ಆ ರೂಪದ ಕೋಡ್ ಮೊದಲೇ ತಯಾರಾಗಿರುವುದಿಲ್ಲ. ಇಫ್ ಹಾಕಿದ ರೂಪಕ್ಕೆ ಆ ತೊಂದರೆಯಿಲ್ಲ. ಅಲ್ಲಿ ಆಟ್ರಿಬ್ಯೂಟ್ ಹಚ್ಚಿದ ಮೆಥಡ್‌ಗಳು ಬಿಲ್ಡ್‌ನಲ್ಲಿ ಕತ್ತರಿಸಿ ಹೋಗದಂತೆ ನೋಡಿಕೊಳ್ಳುವುದು ಬೇರೆ ಕೆಲಸ.

ಒಂದು ಮಾತು ಕೇಳಿಬಿಡುತ್ತೇನೆ. ಈ ಡಿಎಲ್ಎಲ್‌ಗಳನ್ನೆಲ್ಲ ಬರೆಯುವವರು ನೀವೇ ತಾನೆ? ಹಾಗಿದ್ದರೆ ‘ಕಡಿತನಿಯಮ’ ಎಂದು ಒಂದು ಇಂಟರ್‌ಫೇಸ್ ಬರೆದು, ಅದರಲ್ಲಿ ಡೆಸಿಮಲ್ ಲೆಕ್ಕ(ಆವಕ ಸಾಲು) ಎಂಬ ಒಂದೇ ಮೆಥಡ್ ಇಟ್ಟು, ಪ್ರತಿ ನಿಯಮವನ್ನೂ ಒಂದು ಸಣ್ಣ ಕ್ಲಾಸ್ ಮಾಡಿ. ಡಿಎಲ್ಎಲ್ ತೆರೆದಾಗ ಆ ಇಂಟರ್‌ಫೇಸ್ ಇರುವ ಕ್ಲಾಸುಗಳನ್ನು ಒಮ್ಮೆ ಹುಡುಕಿ, ಆಕ್ಟಿವೇಟರ್‌ನಿಂದ ಆಬ್ಜೆಕ್ಟ್ ಹುಟ್ಟಿಸಿ, ಇಂಟರ್‌ಫೇಸಿಗೆ ಕಾಸ್ಟ್ ಮಾಡಿ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಕ್ರಿಯೇಟ್‌ಡೆಲಿಗೇಟ್ ಬೇಕಾಗುವುದೇ ಇಲ್ಲ. ಸಿಗ್ನೇಚರ್ ತಪ್ಪಿದರೆ ಬೆಳಿಗ್ಗೆಯವರೆಗೂ ಕಾಯದೆ ಕಂಪೈಲರೇ ತಡೆಯುತ್ತದೆ. ಇಂಟರ್‌ಫೇಸ್ ಹೇರಲು ಬಾರದ ಕಡೆ, ಬೇರೆಯವರು ಬರೆದ ಕ್ಲಾಸು, ಹಳೆಯ ಡಿಎಲ್ಎಲ್, ಹೆಸರು ಸೆಟ್ಟಿಂಗ್ಸ್‌ನಿಂದ ಬರುವ ಈವೆಂಟ್ ಹ್ಯಾಂಡ್ಲರು, ಇಂಥಲ್ಲಿ ಕ್ರಿಯೇಟ್‌ಡೆಲಿಗೇಟ್‌ಗೆ ಬದಲಿಲ್ಲ. ನಿಮ್ಮ ಪತ್ರದಲ್ಲಿ ಕಾರಟಗಿಯ ಗಿರಣಿಯೊಂದಕ್ಕೆ ಹಿಂದಿನವರು ಬರೆದ ಡಿಎಲ್ಎಲ್ ಇದೆ, ಮೂಲ ಕೋಡ್ ಸಿಗುತ್ತಿಲ್ಲ ಎಂದಿದ್ದೀರಿ. ಅದೊಂದಕ್ಕೆ ಡೆಲಿಗೇಟ್ ಕಟ್ಟಿ ಇಂಟರ್‌ಫೇಸಿನ ಹಿಂದೆ ಅಡಗಿಸಿ, ಉಳಿದವನ್ನು ಇಂಟರ್‌ಫೇಸಿಗೆ ತನ್ನಿ.

ಮೊದಲು ಹುಡುಕಾಟವನ್ನು ಲೂಪಿನಿಂದ ಹೊರಗೆ ಹಾಕಿ ಒಮ್ಮೆ ಸಮಯ ಅಳೆದು ಬರೆದಿಟ್ಟುಕೊಳ್ಳಿ, ಆಮೇಲೆ ಡೆಲಿಗೇಟ್ ಹಾಕಿ ಮತ್ತೊಮ್ಮೆ ಅಳೆಯಿರಿ. ಕಾರಟಗಿಯ ಆ ಡಿಎಲ್ಎಲ್‌ನಲ್ಲಿ ಮತ್ತೆ ಆರ್ಗ್ಯುಮೆಂಟ್ ಎಕ್ಸೆಪ್ಷನ್ ಬಂದರೆ ಮೆಥಡ್‌ಇನ್ಫೊವನ್ನು ಟುಸ್ಟ್ರಿಂಗ್ ಮಾಡಿ ಬಂದ ಸಾಲನ್ನೂ, ನೀವು ಕೊಟ್ಟ ಡೆಲಿಗೇಟ್ ಟೈಪನ್ನೂ ಒಂದರ ಕೆಳಗೊಂದು ಬರೆದು ಕಳಿಸಿ. ಎರಡನ್ನೂ ಜೊತೆಗಿಟ್ಟು ನೋಡಿ ಉತ್ತರ ಬರೆಯುತ್ತೇನೆ.